ಹೊಸ ಖನಿಜಕ್ಕೆ ಹೆಸರಿಡುವವರು ಯಾರು? ನಮ್ಮ ಚಿಕ್ಕಮಗಳೂರು–ಹಾಸನದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಭೂವಿಜ್ಞಾನ ಓದಿದವನು ಅಂತ ಊರಿಗೆ ಗೊತ್ತಾದ ಮೇಲೆ ನಮ್ಮ ಮನೆ ಜಗಲಿಗೆ ಕಲ್ಲುಗಳು ಬರತೊಡಗಿದವು. ಬಾವಿ ತೋಡುವಾಗ ಸಿಕ್ಕಿದ್ದು, ಕಾಫಿ ಗಿಡ ನೆಡಲು ಗುಂಡಿ ತೆಗೆಯುವಾಗ ಸಿಕ್ಕಿದ್ದು, ಟ್ರೆಕ್ಕಿಂಗ್‌ಗೆ ಹೋದ ಹುಡುಗರು ಜೇಬಲ್ಲಿ ಹಾಕಿಕೊಂಡು ಬಂದಿದ್ದು. ಕಲ್ಲಿನ ಜೊತೆ ಪ್ರಶ್ನೆಗಳೂ ಬರುತ್ತವೆ. ಹೆಚ್ಚಾಗಿ ಅವೇ ಪ್ರಶ್ನೆಗಳು. ಹಾಗಾಗಿ ಒಂದು ಕಡೆ ಬರೆದಿಡುತ್ತಿದ್ದೇನೆ.

ನಮ್ಮ ತೋಟದಲ್ಲಿ ಫಳಫಳ ಹೊಳೆಯುವ ಕಲ್ಲು ಸಿಕ್ಕಿದೆ. ಹೊಸ ಖನಿಜ ಇರಬಹುದಾ?

ಇರಲಿಕ್ಕಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಜಗಲಿಗೆ ಬರುವ ಹೊಳೆಯುವ ಕಲ್ಲುಗಳಲ್ಲಿ ಹೆಚ್ಚಿನವು ಕಾಗೆಬಂಗಾರ, ಇಲ್ಲವೇ ಬೆಣಚುಕಲ್ಲು. ಭಾರ ಜಾಸ್ತಿ ಇದ್ದು ಅಯಸ್ಕಾಂತಕ್ಕೆ ಅಂಟಿಕೊಂಡರೆ ಮ್ಯಾಗ್ನೆಟೈಟ್. ಕುದುರೆಮುಖದಲ್ಲಿ ವರ್ಷಗಟ್ಟಲೆ ತೆಗೆದದ್ದು ಅದನ್ನೇ.

ಇನ್ನೊಂದು ಮಾತು. ಈಗಿನ ಕಾಲದಲ್ಲಿ ಸಿಗುವ ಹೊಸ ಖನಿಜಗಳು ಕೈಯಲ್ಲಿ ಹಿಡಿದು ನೋಡುವಂಥವಲ್ಲ. ಎಷ್ಟೋ ಒಂದು ಕೂದಲೆಳೆಯ ದಪ್ಪವೂ ಇಲ್ಲದ ಹರಳುಗಳು. ಬೇರೆ ಖನಿಜದ ಸಂದಿಯಲ್ಲಿ, ಹಳೆ ಗಣಿಯ ಗೋಡೆಗೆ ಹತ್ತಿದ ಬೂಷ್ಟಿನಂಥ ಪದರದಲ್ಲಿ, ಉಲ್ಕಾಶಿಲೆಯ ಒಳಗೆ ಸಿಗುತ್ತವೆ. ಕಣ್ಣಿಗೆ ಹೊಳೆಯುವುದಕ್ಕೂ ಹೊಸದಾಗಿರುವುದಕ್ಕೂ ಸಂಬಂಧವೇ ಇಲ್ಲ.

ಕಲ್ಲು, ಖನಿಜ ಎರಡೂ ಒಂದೇ ಅಲ್ವಾ?

ಅಲ್ಲ. ಖನಿಜ ಅಂದರೆ ಒಂದು ನಿರ್ದಿಷ್ಟ ರಾಸಾಯನಿಕ ಸಂಯೋಜನೆ, ಒಂದು ನಿರ್ದಿಷ್ಟ ಹರಳಿನ ಜೋಡಣೆ ಇರುವ, ಭೂಮಿಯ (ಅಥವಾ ಬೇರೆ ಆಕಾಶಕಾಯದ) ಸಹಜ ಪ್ರಕ್ರಿಯೆಯಿಂದ ಆದ ವಸ್ತು. ಕಲ್ಲು ಅಂದರೆ ಖನಿಜಗಳ ಕೂಟ. ಹಳೇಬೀಡು, ಬೇಲೂರಿನ ಶಿಲ್ಪಗಳನ್ನು ಕೆತ್ತಿದ ಬಳಪದ ಕಲ್ಲು ಒಂದು ಖನಿಜವಲ್ಲ. ಅದರೊಳಗೆ ಟಾಲ್ಕ್, ಕ್ಲೋರೈಟ್ ಮುಂತಾದವು ಇರುತ್ತವೆ. ಅಷ್ಟಕ್ಕೂ ಕ್ಲೋರೈಟ್ ಅನ್ನುವುದೂ ಒಂದೇ ಖನಿಜದ ಹೆಸರಲ್ಲ, ಒಂದು ಗುಂಪಿನ ಹೆಸರು. ಕ್ಲೈನೋಕ್ಲೋರ್, ಚಾಮೊಸೈಟ್ ಎಲ್ಲ ಆ ಗುಂಪಿನವು.

ಸಂಯೋಜನೆ ಮತ್ತು ಜೋಡಣೆ, ಎರಡೂ ಮುಖ್ಯ ಅನ್ನುವುದಕ್ಕೆ ಹೊಳೆನರಸೀಪುರದ ಕಡೆಯ ಕಯನೈಟ್ ಒಳ್ಳೆ ಉದಾಹರಣೆ. ಅಲ್ಯೂಮಿನಿಯಂ, ಸಿಲಿಕಾನ್, ಆಕ್ಸಿಜನ್ ಇಷ್ಟರಲ್ಲೇ ಆದ ಖನಿಜ ಅದು. ಅದೇ ಮೂರು ವಸ್ತು, ಅದೇ ಪ್ರಮಾಣ, ಜೋಡಣೆ ಮಾತ್ರ ಬೇರೆಯಾದರೆ ಸಿಲಿಮನೈಟ್. ಮತ್ತೊಂದು ಥರ ಜೋಡಿಸಿಕೊಂಡರೆ ಆಂಡಲುಸೈಟ್. ಮೂರಕ್ಕೂ ಮೂರು ಹೆಸರು, ಮೂರೂ ಬೇರೆ ಬೇರೆ ಖನಿಜ.

ವಿಚಿತ್ರಗಳೂ ಇವೆ. ಮಂಜುಗಡ್ಡೆ ಅಧಿಕೃತವಾಗಿ ಖನಿಜ, ನೀರು ಅಲ್ಲ. ಪಾದರಸ ದ್ರವವಾದರೂ ಖನಿಜ, ಹಿಂದಿನಿಂದ ಬಂದ ವಿನಾಯಿತಿ ಅದು. ಕಾರ್ಖಾನೆ ಕುಲುಮೆಯ ಕಿಟ್ಟದಲ್ಲಿ ಎಷ್ಟೇ ಚೆಂದದ ಹರಳು ಬೆಳೆದರೂ ಅದು ಖನಿಜವಲ್ಲ. ಮನುಷ್ಯ ಮಾಡಿದ್ದು ಲೆಕ್ಕಕ್ಕಿಲ್ಲ.

ಹಾಗಾದರೆ ಹೊಸದು ಅಂತ ಮುದ್ರೆ ಒತ್ತುವವರು ಯಾರು? ಸರ್ಕಾರವಾ?

ಯಾವ ದೇಶದ ಸರ್ಕಾರವೂ ಅಲ್ಲ. 1958ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘ ಅಂತ ಒಂದಿದೆ. ಚಿಕ್ಕದಾಗಿ ಐಎಂಎ. ಅದು 1959ರಲ್ಲಿ ಹೊಸ ಖನಿಜಗಳಿಗೂ ಹೆಸರುಗಳಿಗೂ ಅಂತಲೇ ಒಂದು ಆಯೋಗ ಮಾಡಿತು. ವರ್ಗೀಕರಣ ನೋಡುತ್ತಿದ್ದ ಇನ್ನೊಂದು ಆಯೋಗವನ್ನು 2006ರಲ್ಲಿ ಅದರ ಜೊತೆ ಸೇರಿಸಿದರು. ಈಗ ಅದರ ಹೆಸರು ಸಿಎನ್‌ಎಂಎನ್‌ಸಿ. ಬಾಯಿ ತಿರುಗದ ಹೆಸರು, ನಾನು ಇಲ್ಲಿ ಸುಮ್ನೆ ‘ಆಯೋಗ’ ಅನ್ನುತ್ತೇನೆ.

1959ಕ್ಕಿಂತ ಮೊದಲು ಹೇಗೆ ಅಂತ ಕೇಳುತ್ತೀರಿ. ಸಿಕ್ಕವರು ಸಿಕ್ಕ ಹೆಸರಿಟ್ಟು ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದರು. ಒಂದೇ ಖನಿಜಕ್ಕೆ ಜರ್ಮನಿಯಲ್ಲಿ ಒಂದು ಹೆಸರು, ಇಂಗ್ಲೆಂಡಿನಲ್ಲಿ ಒಂದು, ಅಮೆರಿಕದಲ್ಲಿ ಇನ್ನೊಂದು. ಆಗಲೇ ಎಲ್ಲರೂ ಒಪ್ಪಿ ಬಳಸುತ್ತಿದ್ದ ಹಳೆಯ ಖನಿಜಗಳನ್ನು ಮತ್ತೆ ಪರೀಕ್ಷೆಗೆ ಕೂರಿಸಲಿಲ್ಲ. ಹಳಬರು ಅಂತ ಹಾಗೇ ಒಪ್ಪಿಕೊಂಡರು. ಇವತ್ತು ಪಟ್ಟಿಯಲ್ಲಿ 6,000ಕ್ಕೂ ಹೆಚ್ಚು ಖನಿಜಗಳಿವೆ.

ಅರ್ಜಿ ಹಾಕುವುದು ಹೇಗೆ? ನಾನೂ ಹಾಕಬಹುದಾ?

ಹಾಕಬಹುದು. ಡಿಗ್ರಿ ಬೇಕು ಅಂತಿಲ್ಲ. ಆದರೆ ಅರ್ಜಿಯ ಜೊತೆ ಕೊಡಬೇಕಾದ ವಿವರಗಳು ಮನೆಯಲ್ಲಿ ತಯಾರಾಗುವಂಥವಲ್ಲ. ಎಲೆಕ್ಟ್ರಾನ್ ಮೈಕ್ರೋಪ್ರೋಬ್‌ನಂಥ ಯಂತ್ರದಲ್ಲಿ ರಾಸಾಯನಿಕ ಸಂಯೋಜನೆ ಅಳೆದಿರಬೇಕು. ಎಕ್ಸ್‌ರೇ ಹಾಯಿಸಿ ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ ಅಂತ ಕಂಡುಹಿಡಿದಿರಬೇಕು. ಬಣ್ಣ, ಗಡಸುತನ, ಸಾಂದ್ರತೆ, ಬೆಳಕು ಅದರೊಳಗೆ ಹಾಯುವ ರೀತಿ, ಸಿಕ್ಕ ಜಾಗ, ಜೊತೆಗಿದ್ದ ಬೇರೆ ಖನಿಜಗಳು, ಎಲ್ಲವನ್ನೂ ಬರೆಯಬೇಕು. ಕೊನೆಗೆ ಮುಖ್ಯವಾದದ್ದು: ಈಗಾಗಲೇ ಇರುವ ಯಾವ ಖನಿಜಕ್ಕೂ ಇದು ಸಮವಲ್ಲ ಅಂತ ಹತ್ತಿರದ ನೆಂಟರ ಜೊತೆ ಹೋಲಿಸಿ ತೋರಿಸಬೇಕು.

ಜನ ತಪ್ಪು ತಿಳಿಯುವುದು ಇಲ್ಲೇ. ‘ಇದು ಹೊಸದಲ್ಲ’ ಅಂತ ತೋರಿಸುವ ಕೆಲಸ ಆಯೋಗದ್ದಲ್ಲ. ‘ಹೊಸದು’ ಅಂತ ತೋರಿಸುವ ಹೊಣೆ ತಂದವರದ್ದು. ಮೊದಲು ಕಂಡವನಿಗೆ ಹೆಸರಿಡುವ ಅವಕಾಶ ಸಿಗುವುದಿಲ್ಲ, ಬೇರೆ ಅಂತ ತೋರಿಸಿಕೊಟ್ಟವನಿಗೆ ಸಿಗುತ್ತದೆ.

ಅರ್ಜಿಗೆ ಮೊದಲೇ ಪತ್ರಿಕೆಯಲ್ಲಿ ಹೆಸರು ಹಾಕಿ ಪ್ರಕಟಿಸುವ ಹಾಗಿಲ್ಲ. ಮೊದಲು ಒಪ್ಪಿಗೆ, ಆಮೇಲೆ ಪ್ರಕಟಣೆ. ಒಪ್ಪಿಗೆ ಸಿಕ್ಕ ಎರಡು ವರ್ಷದೊಳಗೆ ಪೂರ್ತಿ ವಿವರ ಪ್ರಕಟಿಸಬೇಕು.

ಮತದಾನ ಇದೆಯಂತೆ, ನಿಜವಾ?

ನಿಜ. ಆಯೋಗದಲ್ಲಿ ಬೇರೆ ಬೇರೆ ದೇಶಗಳ ಪ್ರತಿನಿಧಿಗಳಿದ್ದಾರೆ. ಅಧ್ಯಕ್ಷರು ಮೊದಲು ಅರ್ಜಿ ಓದಿ, ಕೊರತೆ ಇದ್ದರೆ ತುಂಬಿಸಿಕೊಂಡು, ಸದಸ್ಯರಿಗೆ ಕಳಿಸುತ್ತಾರೆ. ಎಲ್ಲರೂ ಒಂದು ಕೋಣೆಯಲ್ಲಿ ಕೂತು ಕೈ ಎತ್ತುವುದಿಲ್ಲ. ತಮ್ಮ ತಮ್ಮ ಊರಲ್ಲೇ ಕೂತು ವಿವರ ಓದಿ, ಟಿಪ್ಪಣಿ ಬರೆದು ಮತ ಹಾಕುತ್ತಾರೆ. ಖನಿಜಕ್ಕೆ ಒಂದು ಮತ, ಹೆಸರಿಗೆ ಇನ್ನೊಂದು ಮತ. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮತ ಹಾಕಿರಬೇಕು, ಹಾಕಿದವರಲ್ಲಿ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ‘ಹೌದು’ ಅಂದರೆ ಖನಿಜ ಪಾಸು. ಹೆಸರಿಗೆ ಬರೀ ಬಹುಮತ ಸಾಕು. ಹಾಗಾಗಿ ಖನಿಜ ಒಪ್ಪಿಗೆಯಾಗಿ ಹೆಸರು ಬಿದ್ದುಹೋಗುವುದೂ ಸಾಧ್ಯ. ಮಗು ಹುಟ್ಟಿದೆ, ನಾಮಕರಣ ಮುಂದಕ್ಕೆ ಹೋಗಿದೆ ಅಂದ ಹಾಗೆ.

ನನ್ನ ಹೆಸರೇ ಇಡಬಹುದಾ? ಅಮ್ಮನ ಹೆಸರು? ಊರಿನ ಹೆಸರು?

ನಿಮ್ಮದೇ ಹೆಸರನ್ನು ನೀವೇ ಇಟ್ಟುಕೊಳ್ಳುವ ಹಾಗಿಲ್ಲ. ಬದುಕಿರುವ ಬೇರೆಯವರ ಹೆಸರಿಡಬೇಕಾದರೆ ಅವರ ಒಪ್ಪಿಗೆ ಮೊದಲೇ ಬೇಕು. ಊರಿನ ಹೆಸರು, ಬೆಟ್ಟದ ಹೆಸರು, ಸಂಯೋಜನೆ ಸೂಚಿಸುವ ಹೆಸರು ಎಲ್ಲಕ್ಕೂ ಅವಕಾಶ ಇದೆ. ಮೊದಲೇ ಇರುವ ಹೆಸರಿನ ಜೊತೆ ಗೊಂದಲ ಆಗಬಾರದು, ಅಷ್ಟೇ.

ಚಂದ್ರನಿಂದ ಅಪೊಲೊ 11 ತಂದ ಕಲ್ಲಿನಲ್ಲಿ ಸಿಕ್ಕ ಒಂದು ಖನಿಜಕ್ಕೆ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರ ಹೆಸರಿನ ಮೊದಲ ತುಣುಕುಗಳನ್ನು ಸೇರಿಸಿ ಆರ್ಮಾಲ್ಕೊಲೈಟ್ ಅಂತ ಇಟ್ಟರು. ಬೆಂಗಳೂರಿನಲ್ಲೇ ಬಾಳಿದ ಸಿ.ವಿ. ರಾಮನ್ ಹೆಸರಿನಲ್ಲಿ ಎರಡು ಖನಿಜಗಳಿವೆ, ರಾಮನೈಟ್-(ಸೀಸಿಯಂ) ಮತ್ತು ರಾಮನೈಟ್-(ರುಬಿಡಿಯಂ). 2008ರಲ್ಲಿ ಅವುಗಳ ವಿವರ ಪ್ರಕಟವಾಯಿತು. ಅವನ್ನು ಗುರುತಿಸಿದ್ದೂ ರಾಮನ್ ಪರಿಣಾಮದ ಮೇಲೆ ನಿಂತ ವಿಧಾನದಿಂದಲೇ. ಇಂಥ ಹೆಸರು ನೋಡಿದರೆ ಖುಷಿಯಾಗುತ್ತದೆ. ಸುಮ್ನೆ ಗೌರವಕ್ಕೆ ಇಟ್ಟಿದ್ದಲ್ಲ, ಕೆಲಸಕ್ಕೂ ಹೆಸರಿಗೂ ನಂಟಿದೆ.

ಎಲ್ಲ ಹೆಸರೂ ‘ಐಟ್’ ಅಂತಲೇ ಮುಗಿಯಬೇಕಾ?

ರೂಢಿ, ಕಡ್ಡಾಯವಲ್ಲ. ಕ್ವಾರ್ಟ್ಜ್, ಗೇಲಿನಾ, ಟಾಲ್ಕ್ ಎಲ್ಲ ಹಳೆಯ ಹೆಸರುಗಳು, ಹಾಗೇ ಉಳಿದಿವೆ.

ಭೂಮಿಯಲ್ಲಿ ಅತಿ ಹೆಚ್ಚು ಇರುವ ಖನಿಜಕ್ಕೆ 2014ರವರೆಗೆ ಹೆಸರೇ ಇರಲಿಲ್ಲ ಅಂತ ಓದಿದೆ. ಅದು ಹೇಗೆ ಸಾಧ್ಯ?

ನನಗೆ ಇಷ್ಟವಾದ ಪ್ರಶ್ನೆ. ಭೂಮಿಯ ಆಳದಲ್ಲಿ, 660 ಕಿಲೋಮೀಟರ್‌ಗಿಂತ ಕೆಳಗೆ, ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್ ಸೇರಿದ ಒಂದು ಖನಿಜ ತುಂಬಿಕೊಂಡಿದೆ ಅಂತ ವಿಜ್ಞಾನಿಗಳಿಗೆ ದಶಕಗಳಿಂದ ಗೊತ್ತಿತ್ತು. ಲ್ಯಾಬಿನಲ್ಲಿ ಒತ್ತಡ ಹಾಕಿ ಅದನ್ನು ಮಾಡಿಯೂ ಇದ್ದರು. ಆದರೆ ಹೆಸರಿಡಲು ಸಹಜವಾಗಿ ಆದ ಮಾದರಿ ಬೇಕು. ಅಷ್ಟು ಆಳಕ್ಕೆ ಯಾರು ಇಳಿಯುತ್ತಾರೆ? ಮೇಲೆ ತಂದರೂ ಒತ್ತಡ ಇಳಿದ ಕೂಡಲೇ ಅದು ಬೇರೆ ರೂಪಕ್ಕೆ ತಿರುಗುತ್ತದೆ.

ಕೊನೆಗೆ ಅದು ಸಿಕ್ಕಿದ್ದು ಭೂಮಿಯೊಳಗಲ್ಲ, 1879ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಟೆನ್‌ಹ್ಯಾಂ ಉಲ್ಕಾಶಿಲೆಯಲ್ಲಿ. ಆ ಕಲ್ಲು ಆಕಾಶದಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದಾಗಿನ ಒತ್ತಡದಲ್ಲಿ ಈ ಖನಿಜ ಹುಟ್ಟಿ, ಅಲ್ಲೇ ಸಿಕ್ಕಿಕೊಂಡಿತ್ತು. 2014ರಲ್ಲಿ ಒಪ್ಪಿಗೆಯಾಯಿತು. ಅತಿ ಒತ್ತಡದ ಪ್ರಯೋಗಗಳಿಗೆ ನೊಬೆಲ್ ಪಡೆದ ಪರ್ಸಿ ಬ್ರಿಜ್‌ಮನ್ ಹೆಸರಿನಲ್ಲಿ ಬ್ರಿಜ್‌ಮನೈಟ್ ಅಂತ ಇಟ್ಟರು. ಇದೆ ಅಂತ ಲೋಕಕ್ಕೆಲ್ಲ ಗೊತ್ತಿದ್ದರೂ ಮಾದರಿ ತಂದು ತೋರಿಸುವ ತನಕ ಹೆಸರಿಲ್ಲ ಅಂದರೆ ನಿಯಮ ಎಷ್ಟು ಬಿಗಿ ನೋಡಿ.

‘ಬಾಬಾಬುಡನೈಟ್’ ಅಂತ ಖನಿಜ ಇದೆಯಾ? ನಮ್ಮ ಗಿರಿಯ ಹೆಸರಲ್ಲಿ?

ಇತ್ತು. ಈಗ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಇದನ್ನು ಹೇಳಿದಾಗ ಚಿಕ್ಕಮಗಳೂರಿನವರ ಮುಖ ಸಪ್ಪೆಯಾಗುತ್ತದೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಬಾಬಾಬುಡನ್ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿನ ಪಟ್ಟೆ ಪಟ್ಟೆ ಕಲ್ಲುಗಳಿವೆ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿದ್ದ ಜಾಗವೂ ಇದೇ ಸಾಲು. ಆ ಪಟ್ಟೆಗಳ ನಡುವೆ ನೀಲಿ–ನೇರಳೆ ಬಣ್ಣದ, ಸಣ್ಣ ಕಡ್ಡಿಗಳಂಥ ಹರಳುಗಳ ಒಂದು ಖನಿಜ ಇದೆ. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಅದನ್ನು ಗುರುತಿಸಿ ಬಾಬಾಬುಡನೈಟ್ ಅಂತ ಕರೆದರು. ಅವರು ಕಂಡದ್ದು ಸರಿಯಾಗಿಯೇ ಇತ್ತು. ಅದು ಆಂಫಿಬೋಲ್ ಅನ್ನುವ ದೊಡ್ಡ ಕುಟುಂಬದ್ದು, ಸೋಡಿಯಂ ಇರುವಂಥದ್ದು.

ತೊಡಕು ಆಮೇಲಿನದು. ಆಂಫಿಬೋಲ್ ಕುಟುಂಬ ಅಂದರೆ ನಮ್ಮ ಕಡೆಯ ಅವಿಭಕ್ತ ಮನೆ ಇದ್ದ ಹಾಗೆ, ಯಾರು ಯಾರ ಮಗ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಹರಳಿನೊಳಗೆ ಪರಮಾಣುಗಳಿಗೆ ನಿಗದಿಯಾದ ಸೀಟುಗಳಿವೆ. ಒಂದೇ ಸೀಟಿನಲ್ಲಿ ಕಬ್ಬಿಣವೂ ಕೂರಬಹುದು, ಮೆಗ್ನೀಸಿಯಂ ಕೂಡ ಕೂರಬಹುದು. ಸ್ವಲ್ಪ ಇದು, ಸ್ವಲ್ಪ ಅದು. ಪ್ರತಿಯೊಬ್ಬ ಭೂವಿಜ್ಞಾನಿಯೂ ತನ್ನ ಬೆಟ್ಟದ ಪಾಕಕ್ಕೆ ತನ್ನದೇ ಹೆಸರಿಟ್ಟರೆ ಕೊನೆಯೇ ಇಲ್ಲ.

ಇದಕ್ಕೆ ಇರುವ ನಿಯಮ ಕಾಫಿ ಕುಡಿಯುವವರಿಗೆ ಬೇಗ ಅರ್ಥವಾಗುತ್ತದೆ. ಕಾಫಿ–ಚಿಕೋರಿ ಪುಡಿಯಲ್ಲಿ ಕಾಫಿ 51 ಪರ್ಸೆಂಟಿಗಿಂತ ಕಡಿಮೆ ಇರಬಾರದು ಅಂತ ನಮ್ಮ ಆಹಾರ ನಿಯಮ ಹೇಳುತ್ತದೆ. ಚಿಕೋರಿ 20 ಇರಲಿ, 45 ಇರಲಿ, ಗೆರೆ ದಾಟದಿದ್ದರೆ ಪೊಟ್ಟಣದ ಮೇಲಿನ ಹೆಸರು ಬದಲಾಗುವುದಿಲ್ಲ. ಖನಿಜದಲ್ಲೂ ಹಾಗೇ. ಒಂದು ಸೀಟಿನಲ್ಲಿ ಯಾವ ಧಾತು ಎಲ್ಲರಿಗಿಂತ ಹೆಚ್ಚಿದೆಯೋ ಅದರಿಂದ ಹೆಸರು ತೀರ್ಮಾನ. ಗೆರೆಯ ಈಚೆ ಇರುವ ಪಾಕಗಳೆಲ್ಲ ಒಂದೇ ಖನಿಜ.

ಬಾಬಾಬುಡನೈಟ್ ಲೆಕ್ಕ ಹೀಗೆ. ರೀಬೆಕೈಟ್ ಅನ್ನುವ ಆಂಫಿಬೋಲ್‌ಗೆ 1888ರಲ್ಲೇ ಹೆಸರಿತ್ತು, ಸೊಕೊಟ್ರಾ ದ್ವೀಪದ ಮಾದರಿಗೆ ಇಟ್ಟದ್ದು. ಅದರಲ್ಲಿ ಐದು ಸೀಟುಗಳ ಒಂದು ಸಾಲಿದೆ. ಎರಡರಲ್ಲಿ ಒಂದು ಬಗೆಯ ಕಬ್ಬಿಣ. ಉಳಿದ ಮೂರರಲ್ಲಿ ಇನ್ನೊಂದು ಬಗೆಯ ಕಬ್ಬಿಣ ಹೆಚ್ಚಿದ್ದರೆ ರೀಬೆಕೈಟ್, ಮೆಗ್ನೀಸಿಯಂ ಹೆಚ್ಚಿದ್ದರೆ ಮೆಗ್ನೀಸಿಯೊ-ರೀಬೆಕೈಟ್. ನಮ್ಮ ಗಿರಿಯದ್ದು ಈ ಎರಡನೆಯದು. ಆಂಫಿಬೋಲ್ ಹೆಸರುಗಳನ್ನು ಆಯೋಗದ ಉಪಸಮಿತಿ 1978ರಲ್ಲಿ ಒಟ್ಟಾಗಿ ಜರಡಿ ಹಿಡಿಯಿತು. 1997ರಲ್ಲಿ, 2012ರಲ್ಲಿ ಮತ್ತೆ ಹಿಡಿಯಿತು. ಮೂಲ ಹೆಸರು, ಅದರ ಮುಂದೆ ಧಾತುವಿನ ಗುರುತು, ಇದೇ ಈಗಿನ ಪದ್ಧತಿ. ಆ ಪದ್ಧತಿಯಲ್ಲಿ ಬೆಟ್ಟದ ಹೆಸರಿಗೆ ಜಾಗ ಇಲ್ಲ. ಬಾಬಾಬುಡನೈಟ್ ಈಗ ಮೆಗ್ನೀಸಿಯೊ-ರೀಬೆಕೈಟಿನ ಹಳೆಯ ಇನ್ನೊಂದು ಹೆಸರು ಅಷ್ಟೇ.

ಕಲ್ಲು ಎಲ್ಲೂ ಹೋಗಿಲ್ಲ, ಅದೇ ಗಿರಿಯಲ್ಲಿದೆ. ನನ್ನ ಮಟ್ಟಿಗೆ ಹೇಳುವುದಾದರೆ ಹೊಸ ಹೆಸರು ಸರಿ, ಹಳೆಯದು ಚೆಂದ.

ನಮ್ಮ ದೇಶದ ಬೇರೆ ಹೆಸರುಗಳೂ ಹೀಗೆ ಬಿದ್ದಿವೆಯಾ, ಇಲ್ಲ ನಮಗೆ ಮಾತ್ರ ಅನ್ಯಾಯವಾ?

ಅನ್ಯಾಯ ಅಂತೇನಿಲ್ಲ, ಎಲ್ಲ ದೇಶದವೂ ಬಿದ್ದಿವೆ. ಮಧ್ಯಪ್ರದೇಶದ ಸೀತಾಪಾರ್‌ನ ಮ್ಯಾಂಗನೀಸ್ ಖನಿಜಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಲ್.ಎಲ್. ಫರ್ಮರ್ ಸೀತಾಪಾರೈಟ್ ಅಂತ ಹೆಸರಿಟ್ಟರು. ಆಮೇಲೆ ನೋಡಿದರೆ ಅದು ಅಮೆರಿಕದ ಯೂಟಾದಿಂದ 1897ರಲ್ಲೇ ವರದಿಯಾಗಿದ್ದ ಬಿಕ್ಸ್‌ಬೈಟ್. ವ್ರೆಡೆನ್‌ಬರ್ಗೈಟ್ ಅಂತ ಇನ್ನೊಂದು. ಅದು ಒಂದು ಖನಿಜವೇ ಅಲ್ಲ, ಎರಡು ಖನಿಜ ಒಂದರೊಳಗೊಂದು ಹೆಣೆದುಕೊಂಡಿದ್ದದ್ದು ಅಂತ ಗೊತ್ತಾಯಿತು. ಮಧ್ಯಪ್ರದೇಶದ್ದೇ ತಿರೋಡಿಯಿಂದ ಬಂದ ತಿರೋಡೈಟ್ ಅನ್ನುವ ಆಂಫಿಬೋಲ್ 1978ರ ಜರಡಿಯಲ್ಲಿ ಉಳಿದು, 1997ರ ಜರಡಿಯಲ್ಲಿ ಜಾರಿಹೋಯಿತು.

ಗೆದ್ದವೂ ಇವೆ. ಮಧ್ಯಪ್ರದೇಶದ ಝಾಬುವಾದ ಕಾಜಲಿಡೋಂಗ್ರಿ ಗಣಿಯಿಂದ ಬಂದ ಹಾಲಂಡೈಟ್ ಇವತ್ತೂ ಗಟ್ಟಿಯಾಗಿ ನಿಂತಿದೆ, ಒಂದು ಇಡೀ ಗುಂಪಿಗೆ ಅದರದೇ ಹೆಸರು. ಅದೇ ಗಣಿಯ ವಿಂಚೈಟ್ ಅನ್ನುವ ಹೆಸರೂ ಆಂಫಿಬೋಲ್ ಪಟ್ಟಿಯಲ್ಲಿ ಉಳಿದುಕೊಂಡಿದೆ. ದೇಶದ ಹೆಸರಿನಲ್ಲೇ ಇಂಡಿಯಲೈಟ್ ಇದೆ, ಬೊಕಾರೊ ಕಲ್ಲಿದ್ದಲು ಪ್ರದೇಶದಲ್ಲಿ ನೆಲದೊಳಗಿನ ಬೆಂಕಿಗೆ ಬೆಂದ ಕಲ್ಲಿನಲ್ಲಿ ಸಿಕ್ಕಿದ್ದು.

ಹಾಲಂಡೈಟ್ ಯಾರ ಹೆಸರು ಅಂದರೆ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಟಿ.ಎಚ್. ಹಾಲಂಡ್ ಅವರದ್ದು. ಇದೇ ಹಾಲಂಡ್ ಕೋಲ್ಕತ್ತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಜಾಬ್ ಚಾರ್ನಾಕ್ ಸಮಾಧಿಯ ಕಲ್ಲು ನೋಡಿ ‘ಚಾರ್ನೊಕೈಟ್’ ಅಂತ ಹೆಸರಿಟ್ಟವರು. ಅದು ಶಿಲೆಯ ಹೆಸರು, ಖನಿಜದ್ದಲ್ಲ. ಶಿಲೆಗಳ ಹೆಸರು ಈ ಆಯೋಗದ ಕೆಲಸವೂ ಅಲ್ಲ.

‘ಹಾಸನ ಗ್ರೀನ್’ ಖನಿಜವಾ? ಮಾಣಿಕ್ಯ?

ಹಾಸನ ಗ್ರೀನ್ ಅನ್ನುವುದು ಗ್ರಾನೈಟ್ ವ್ಯಾಪಾರದ ಹೆಸರು. ಆಯೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾಣಿಕ್ಯ, ನೀಲ ಎರಡೂ ಕುರಂದ ಅನ್ನುವ ಒಂದೇ ಖನಿಜದ ಬಣ್ಣದ ಬಗೆಗಳು. ಅಮೆಥಿಸ್ಟ್ ಅಂದರೆ ನೇರಳೆ ಬೆಣಚು. ಬೆಲೆ ಎಷ್ಟೇ ಇರಲಿ, ಪಟ್ಟಿಯಲ್ಲಿ ಇವಕ್ಕೆ ಬೇರೆ ಸಾಲಿಲ್ಲ.

ಒಪ್ಪಿಗೆಯಾದ ಮೇಲೆ ಖನಿಜವನ್ನು ಯಾವ ಗುಂಪಿಗೆ ಸೇರಿಸುತ್ತಾರೆ?

ಅಮೆರಿಕದ ಜೇಮ್ಸ್ ಡೇನಾ 1837ರಲ್ಲಿ ಮೊದಲು ಪಟ್ಟಿ ಮಾಡಿದಾಗ ಗಿಡಮರಗಳಿಗೆ ಇಡುವಂತೆ ಜೋಡಿ ಲ್ಯಾಟಿನ್ ಹೆಸರು ಕೊಟ್ಟಿದ್ದ, ನಮ್ಮ ಕಾಫಿ ಗಿಡಕ್ಕೆ ಕಾಫಿಯಾ ಅರೇಬಿಕಾ ಅನ್ನುವ ಥರ. ಅದು ಕಲ್ಲಿಗೆ ಹೊಂದಲಿಲ್ಲ. ಆತನೇ ಅದನ್ನು ಬಿಟ್ಟು ರಸಾಯನದ ಆಧಾರಕ್ಕೆ ಬಂದ. 1941ರಲ್ಲಿ ಜರ್ಮನಿಯ ಹ್ಯೂಗೊ ಸ್ಟ್ರುಂಟ್ಸ್ ರಸಾಯನದ ಜೊತೆ ಹರಳಿನ ಜೋಡಣೆಯನ್ನೂ ಸೇರಿಸಿದ. ಈಗ ಹೆಚ್ಚು ಬಳಕೆಯಲ್ಲಿರುವುದು ಅದರ ತಿದ್ದಿದ ರೂಪ. ಅದರಲ್ಲಿ ಹತ್ತು ವರ್ಗಗಳಿವೆ. ಚಿನ್ನದಂಥ ಶುದ್ಧ ಧಾತುಗಳು ಒಂದನೆಯದು, ಗಂಧಕದ ಸಂಯುಕ್ತಗಳು ಎರಡನೆಯದು, ಸಿಲಿಕೇಟ್‌ಗಳು ಒಂಬತ್ತನೆಯದು.

ನಮ್ಮ ಕಡೆಯವನ್ನೇ ಕೂರಿಸಿ ನೋಡಿ. ಕುದುರೆಮುಖದ ಮ್ಯಾಗ್ನೆಟೈಟ್, ನುಗ್ಗೇಹಳ್ಳಿ ಕಡೆಯ ಬೈರಾಪುರದ ಕ್ರೋಮೈಟ್ ಎರಡೂ ನಾಲ್ಕನೆಯ ವರ್ಗ, ಆಕ್ಸೈಡುಗಳು. ಕಬ್ಬಿಣ, ಕ್ರೋಮಿಯಂ ಬೇರೆ ಬೇರೆಯಾದರೂ ಪರಮಾಣು ಜೋಡಣೆ ಒಂದೇ ಥರ, ಸ್ಪಿನೆಲ್ ಮಾದರಿ. ಹಾಗಾಗಿ ಒಂದೇ ಮನೆಯವು. ಟಾಲ್ಕ್, ಕಯನೈಟ್, ಬಾಬಾಬುಡನೈಟ್ ಆಗಿದ್ದದ್ದು ಎಲ್ಲ ಸಿಲಿಕೇಟ್.

ಬಾಬಾಬುಡನ್ ಗಿರಿಯ ಆ ನೀಲಿ ಕಲ್ಲನ್ನು ಒಡೆದು ನೋಡಬಹುದಾ?

ಎಳೆ ಎಳೆಯಾಗಿ ಬಿಡುವಂಥದ್ದಾದರೆ ಬೇಡ. ರೀಬೆಕೈಟಿನ ನಾರಿನ ರೂಪವೇ ಕ್ರಾಸಿಡೊಲೈಟ್, ಅಂದರೆ ನೀಲಿ ಕಲ್ನಾರು. ಅದರ ಧೂಳು ಶ್ವಾಸಕೋಶಕ್ಕೆ ಬಲು ಕೆಟ್ಟದ್ದು. ಕಡ್ಡಿಯಂತೆ ಗಟ್ಟಿಯಾಗಿರುವುದು ಬೇರೆ, ಹತ್ತಿಯಂತೆ ಎಳೆ ಬಿಡುವುದು ಬೇರೆ. ಗುರುತು ಸಿಗದಿದ್ದರೆ ಮುಟ್ಟದೇ ಬಿಡಿ. ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯದೊಳಗಿಂದ ಅನುಮತಿ ಇಲ್ಲದೆ ಕಲ್ಲು ತರುವುದೂ ಬೇಡ.

ಹೊಸ ಖನಿಜ ಸಿಕ್ಕಿದರೆ ಗಣಿ ಹಕ್ಕು ನನಗೇ ಸಿಗುತ್ತದಾ?

ಇಲ್ಲ. ಹೆಸರಿನ ಒಪ್ಪಿಗೆಗೂ ಗಣಿಗೂ ಸಂಬಂಧವಿಲ್ಲ. ಗಣಿಗಾರಿಕೆಗೆ 1957ರ ಕಾಯ್ದೆ ಇದೆ, ಅದರ ದಾರಿಯೇ ಬೇರೆ.

ಮೂಲ ಮಾದರಿ ಕಲ್ಲು ಎಲ್ಲಿರುತ್ತದೆ? ಮನೆಯಲ್ಲೇ ಇಟ್ಟುಕೊಳ್ಳಬಹುದಾ?

ಬೇಡ, ಬಿಡುವುದೂ ಇಲ್ಲ. ಯಾವ ತುಣುಕಿನ ಮೇಲೆ ಅಧ್ಯಯನ ಮಾಡಿ ಅರ್ಜಿ ಹಾಕಿದ್ದೀರೋ ಅದನ್ನು ಒಳ್ಳೆಯ ವಸ್ತುಸಂಗ್ರಹಾಲಯಕ್ಕೆ ಕೊಡಬೇಕು. ಐವತ್ತು ವರ್ಷ ಬಿಟ್ಟು ಯಾರಿಗಾದರೂ ಅನುಮಾನ ಬಂದರೆ ಅದೇ ತುಣುಕನ್ನು ಮತ್ತೆ ಪರೀಕ್ಷಿಸಬೇಕಲ್ಲ. ಹಳೆಯ ಎಷ್ಟೋ ಹೆಸರು ಬಿದ್ದದ್ದೂ ಉಳಿದದ್ದೂ ಕಪಾಟಿನಲ್ಲಿ ಜೋಪಾನವಾಗಿದ್ದ ಇಂಥ ತುಣುಕುಗಳಿಂದಲೇ.

ಇದರ ಬೆಲೆ ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಯಿತು. ಒಮ್ಮೆ ಆರು ಮಾದರಿಗಳನ್ನು ಒಂದು ಪ್ರಯೋಗಾಲಯಕ್ಕೆ ಕಳಿಸಿದ್ದೆ. ಫಲಿತಾಂಶ ಬಂತು, ಕಲ್ಲುಗಳೂ ವಾಪಸ್ ಬಂದವು. ಚೀಟಿಗಳು ಮಾತ್ರ ಅದಲು ಬದಲಾಗಿದ್ದವು. ಹೊಳೆನರಸೀಪುರದ ಕಲ್ಲಿನ ಮೇಲೆ ಕೆಮ್ಮಣ್ಣುಗುಂಡಿಯ ಚೀಟಿ. ಎರಡು ಗುರುತು ಸಿಕ್ಕವು, ನಾಲ್ಕನ್ನು ಎಸೆಯಬೇಕಾಯಿತು. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಕಲ್ಲು ಅಂದರೆ ಬರೀ ಕಲ್ಲು. ಅಂದಿನಿಂದ ಕಲ್ಲಿನ ಮೈಮೇಲೇ ಪೇಂಟಿನಲ್ಲಿ ನಂಬರ್ ಬರೆಯುತ್ತೇನೆ.

ನಮ್ಮ ಕಾಲೇಜಿನ ಕಪಾಟಿನಲ್ಲಿ ‘ಬಾಬಾಬುಡನೈಟ್’ ಅಂತ ಹಳೇ ಚೀಟಿ ಇರುವ ಕಲ್ಲಿದೆ. ಚೀಟಿ ಕಿತ್ತು ಹಾಕಬೇಕಾ ಸಾರ್?

ದಯವಿಟ್ಟು ಬೇಡ. ಅದರ ಕೆಳಗೆ ಇನ್ನೊಂದು ಚೀಟಿ ಅಂಟಿಸಿ, ‘ಮೆಗ್ನೀಸಿಯೊ-ರೀಬೆಕೈಟ್’ ಅಂತ ಬರೆದು ತಾರೀಕು ಹಾಕಿ. ಹಳೆಯದರಲ್ಲಿ ಶಾಯಿ ಮಾಸಿದ್ದರೆ ಮೊದಲು ಒಂದು ಫೋಟೊ ತೆಗೆದಿಡಿ. ಅದರಲ್ಲಿ ಬೆಟ್ಟದ ಯಾವ ಭಾಗದಿಂದ ತಂದದ್ದು ಅಂತ ಬರೆದಿದ್ದರೆ ನನಗೂ ಒಂದು ಪ್ರತಿ ಕಳಿಸಿ.